ಹೆಂಪ್, ಭಂಗಿ, ಗಾಂಜಾ: ಪರವಾನಗಿ ಯಾವುದಕ್ಕೆ, ಯಾರಿಂದ?

ಯಾದಗಿರಿ, ಶಹಾಪುರ ಮತ್ತು ಸುರಪುರದ ವರ್ತಕರಿಗೆ ‘ಹೆಂಪ್’ ಎಂಬ ಇಂಗ್ಲಿಷ್ ಹೆಸರು ಹೊಸದೇನಲ್ಲ. ಭತ್ತದ ಗದ್ದೆಗಳಿಗೆ ಹಸಿರೆಲೆ ಗೊಬ್ಬರವೆಂದು ಬಿತ್ತುವ ಸೆಣಬು ಇಂಗ್ಲಿಷಿನಲ್ಲಿ ‘ಸನ್ ಹೆಂಪ್’. ಎಲೆಯನ್ನು ಪಲ್ಯಕ್ಕೂ ನಾರನ್ನು ಹಗ್ಗಕ್ಕೂ ಬಳಸುವ ನಮ್ಮ ಸೀಮೆಯ ಪುಂಡಿ ‘ಡೆಕ್ಕನ್ ಹೆಂಪ್’. ಇವೆರಡಕ್ಕೂ ಗಾಂಜಾ ಗಿಡಕ್ಕೂ ಸಸ್ಯಕುಲದಲ್ಲಿ ಯಾವ ನಂಟೂ ಇಲ್ಲ. ಸೆಣಬು ದ್ವಿದಳ ವರ್ಗಕ್ಕೆ ಸೇರಿದ್ದು; ಪುಂಡಿ ಹತ್ತಿ, ಬೆಂಡೆಗಳ ಬಳಗದ್ದು. ಆದರೆ ಕೆಲವು ವರ್ಷಗಳಿಂದ ಹೊಸ ಉದ್ಯಮವೆಂದು ಪತ್ರಿಕೆಗಳಲ್ಲಿ ಬರುತ್ತಿರುವ ‘ಇಂಡಸ್ಟ್ರಿಯಲ್ ಹೆಂಪ್’ ಬೇರೆ ಯಾವುದೂ ಅಲ್ಲ, ಕ್ಯಾನಬಿಸ್ ಸಟೈವಾ, ಅಂದರೆ ಸಾಕ್ಷಾತ್ ಗಾಂಜಾ ಗಿಡವೇ. ಅಮಲಿನ ಅಂಶವಾದ ಟಿಎಚ್‌ಸಿ ಕಡಿಮೆಯಿರುವ ತಳಿ ಎಂಬುದಷ್ಟೇ ವ್ಯತ್ಯಾಸ.

ಬಿಲ್ಲಿನಲ್ಲಿ ಬರಿಯ ‘ಹೆಂಪ್’ ಎಂದು ಬರೆಯುವ ಅಭ್ಯಾಸವುಳ್ಳವರು ಮೊದಲು ಅದನ್ನು ತಿದ್ದಿಕೊಳ್ಳಬೇಕು. ಸುಂಕದ ವರ್ಗೀಕರಣದಲ್ಲಿ 5302 ಎಂಬ ಶೀರ್ಷಿಕೆ ‘ನಿಜವಾದ ಹೆಂಪ್’ ಎಂದು ಕ್ಯಾನಬಿಸ್ ನಾರಿಗೇ ಮೀಸಲು. ಸೆಣಬು, ಪುಂಡಿ ಮುಂತಾದ ತೊಗಟೆಯ ನಾರುಗಳು 5303ರಲ್ಲಿ ಬರುತ್ತವೆ. ಸೆಣಬಿನ ಬೀಜದ ಚೀಲವೊಂದು ಚೆಕ್‌ಪೋಸ್ಟಿನಲ್ಲಿ ದಿನವಿಡೀ ನಿಲ್ಲಲು ಈ ಒಂದು ಪದದ ಅಜಾಗರೂಕತೆ ಸಾಕು.

ಕಾಯ್ದೆಯ ಕಣ್ಣಿನಲ್ಲಿ ಗಿಡ

1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆಯು (ರೂಢಿಯಲ್ಲಿ ಎನ್‌ಡಿಪಿಎಸ್ ಕಾಯ್ದೆ) ಗಿಡವನ್ನು ಇಡಿಯಾಗಿ ನೋಡುವುದಿಲ್ಲ, ಭಾಗಭಾಗವಾಗಿ ನೋಡುತ್ತದೆ. ಅಂಟು ಚರಸ್. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ತುದಿಯೊಡನೆ ಸೇರಿರದ ಬೀಜ ಮತ್ತು ಎಲೆಗಳನ್ನು ಗಾಂಜಾದ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಈ ವಿಂಗಡಣೆಯ ಮೂಲ 1961ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿದೆ. ಇಂದು ದೇಶದಲ್ಲಿ ಕಾನೂನುಬದ್ಧವಾಗಿ ನಡೆಯುತ್ತಿರುವ ಕ್ಯಾನಬಿಸ್ ವ್ಯಾಪಾರದ ಬಹುಪಾಲು ಬೀಜ, ಎಲೆ, ನಾರು ಎಂಬ ಈ ಮೂರರ ಮೇಲೆಯೇ ನಿಂತಿದೆ.

ಆದುದರಿಂದ ‘ಕ್ಯಾನಬಿಸ್ ಲೈಸೆನ್ಸ್’ ಎಂಬ ಒಂದೇ ಪರವಾನಗಿ ಇಲ್ಲ. ಬೀಜವನ್ನು ಆಹಾರವಾಗಿ ಮಾರುವವನಿಗೆ ಒಂದು ಇಲಾಖೆ, ಎಲೆಯಿಂದ ಔಷಧ ಮಾಡುವವನಿಗೆ ಮತ್ತೊಂದು, ಗಿಡ ಬೆಳೆಯುವವನಿಗೆ ಮೂರನೆಯದು. ಒಂದರ ಕಾಗದ ಇನ್ನೊಂದಕ್ಕೆ ಸಲ್ಲದು.

ಬೇಸಾಯ ಮತ್ತು ಮುಂಗಡ

ವರ್ತಕರು ಹೆಚ್ಚು ಎಚ್ಚರ ವಹಿಸಬೇಕಾದ ಭಾಗ ಇದು. ಕ್ಯಾನಬಿಸ್ ಬೇಸಾಯವನ್ನು ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಮು ನಿಷೇಧಿಸಿದೆ. 10ನೇ ಕಲಮು ಬೇಸಾಯವನ್ನು ನಿಯಂತ್ರಿಸಿ ಅನುಮತಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಡುತ್ತದೆ; ನಾರು ಅಥವಾ ಬೀಜಕ್ಕಾಗಿ ಮಾತ್ರ ಕೈಗಾರಿಕಾ ಬೇಸಾಯ ನಡೆಸಲು ಸರ್ಕಾರದ ಆದೇಶದ ಮೂಲಕ ಅವಕಾಶ ನೀಡಬಹುದೆಂದು 14ನೇ ಕಲಮು ಹೇಳುತ್ತದೆ. ಅಂದರೆ ಬಾಗಿಲು ಇದೆ, ಕೀಲಿಕೈ ಸರ್ಕಾರದ ಬಳಿ ಇದೆ. ಉತ್ತರಾಖಂಡ ರಾಜ್ಯವು 2018ರಲ್ಲಿ ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆಯಿರುವ ಬೆಳೆಗೆ ಪರವಾನಗಿ ನೀಡಿ ಈ ಬಾಗಿಲನ್ನು ಮೊದಲು ತೆರೆಯಿತು. ಹಿಮಾಚಲ ಪ್ರದೇಶದ ಸಂಪುಟವು 2025ರ ಜನವರಿಯಲ್ಲಿ ಎರಡು ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿತು. ಇಂತಹ ರೈತಪರವಾನಗಿ ಪದ್ಧತಿ ಕರ್ನಾಟಕದಲ್ಲಿ ಜಾರಿಗೆ ಬಂದಿಲ್ಲ. ಉತ್ತರಾಖಂಡದ ಪರವಾನಗಿಯ ನಕಲನ್ನು ತೋರಿಸಿ ಶಹಾಪುರದ ಹೊಲದಲ್ಲಿ ಬಿತ್ತನೆ ಮಾಡಿಸುವೆನೆನ್ನುವವನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಶಹಾಪುರದ ಹತ್ತಿ ವರ್ತಕನೊಬ್ಬನ ಬಳಿ ಹೊರಊರಿನ ಏಜೆಂಟನೊಬ್ಬ ಬಂದು, ‘ಬೀಜ ನಮ್ಮದು, ಬೆಳೆಯನ್ನು ಮರಳಿ ಕೊಳ್ಳುವ ಕರಾರು ನಮ್ಮದು, ರೈತರಿಗೆ ಮುಂಗಡ ಮಾತ್ರ ನೀವು ಕೊಡಿ’ ಎನ್ನುತ್ತಾನೆ. ಹತ್ತಿ, ತೊಗರಿ, ಮೆಣಸಿನಕಾಯಿ ವ್ಯವಹಾರದಲ್ಲಿ ಮುಂಗಡ ಕೊಡುವುದು ಈ ಭಾಗದ ಹಳೆಯ ಪದ್ಧತಿ. ವರ್ತಕ ಹೆಚ್ಚು ಯೋಚಿಸದೆ ಒಪ್ಪಬಹುದು. ಬೀಜವನ್ನು ಚೀಲದಲ್ಲಿ ಇಟ್ಟುಕೊಂಡಿದ್ದರೆ ಅದು ಗಾಂಜಾ ಅಲ್ಲ, ನಿಜ. ಅದನ್ನು ನೆಲಕ್ಕೆ ಹಾಕಿದ ಕ್ಷಣವೇ ಬೇಸಾಯವಾಯಿತು. ಅನುಮತಿಯಿಲ್ಲದೆ ಬೆಳೆದ ರೈತನಿಗೆ 20ನೇ ಕಲಮಿನಂತೆ 10 ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಹಣ ಹೂಡಿದವನ ಗತಿ ಇನ್ನೂ ಕಠಿಣ. ಅಕ್ರಮ ವ್ಯವಹಾರಕ್ಕೆ ನೇರವಾಗಿ ಅಥವಾ ಪರೋಕ್ಷವಾಗಿ ಹಣಕಾಸು ಒದಗಿಸುವುದನ್ನು 27ಎ ಕಲಮು ಬೇರೆಯೇ ಅಪರಾಧವೆಂದು ಎಣಿಸುತ್ತದೆ. ಕ್ಯಾನಬಿಸ್ ಬೇಸಾಯವೂ ಆ ‘ಅಕ್ರಮ ವ್ಯವಹಾರ’ದ ವ್ಯಾಖ್ಯೆಯೊಳಗೇ ಇದೆ. ಅದಕ್ಕೆ ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ; ದಂಡ ಕನಿಷ್ಠ 1 ಲಕ್ಷ ರೂಪಾಯಿ. ಜಾಮೀನಿನ ಕಟ್ಟುನಿಟ್ಟಾದ 37ನೇ ಕಲಮು ಕೂಡ 27ಎ ಆರೋಪಕ್ಕೆ ಅನ್ವಯಿಸುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ವಾದವೂ ಸುಲಭವಲ್ಲ, ಏಕೆಂದರೆ ಆರೋಪಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ನ್ಯಾಯಾಲಯ ಭಾವಿಸಬೇಕು, ಇರಲಿಲ್ಲವೆಂದು ಆರೋಪಿಯೇ ರುಜುವಾತುಪಡಿಸಬೇಕು ಎಂದು 35ನೇ ಕಲಮು ಹೇಳುತ್ತದೆ. ಖಾತೆ ಪುಸ್ತಕದಲ್ಲಿ ಬರೆದ ಮುಂಗಡದ ನಮೂದೇ ಆಗ ಪ್ರಾಸಿಕ್ಯೂಶನ್ನಿನ ಮೊದಲ ಸಾಕ್ಷ್ಯ.

ಹೊಲವನ್ನು ಲಾವಣಿಗೆ ಕೊಟ್ಟ ವರ್ತಕರಿಗೂ ಒಂದು ಮಾತು. ತಮ್ಮ ಜಮೀನಿನಲ್ಲಿ ಅಕ್ರಮವಾಗಿ ಗಿಡ ಬೆಳೆದಿರುವುದು ತಿಳಿದೂ ಅಧಿಕಾರಿಗಳಿಗೆ ಮಾಹಿತಿ ಕೊಡದಿದ್ದರೆ ಅದೂ 46ನೇ ಕಲಮಿನ ಪ್ರಕಾರ ಅಪರಾಧ. ತೊಗರಿ, ಹತ್ತಿ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿಗಳನ್ನು ಈ ಭಾಗದ ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ.

ಭಂಗಿಯ ತೀರ್ಪು ಹೇಳಿದ್ದೇನು?

2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಭಂಗಿ ಸಾಗಿಸುತ್ತಿದ್ದ ಆರೋಪಿಯೊಬ್ಬನಿಗೆ ಜಾಮೀನು ನೀಡುತ್ತ, ಭಂಗಿಯು ಗಾಂಜಾ ಅಥವಾ ಚರಸ್ಸಿನಿಂದ ತಯಾರಾದುದೆಂದು ತೋರಿಸುವ ಆಧಾರವಿಲ್ಲದಿರುವಾಗ ಅದು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಅರ್ಥದ ಅಭಿಪ್ರಾಯ ವ್ಯಕ್ತಪಡಿಸಿತು. ‘ಭಂಗಿ ಮಾರಾಟಕ್ಕೆ ಹೈಕೋರ್ಟ್ ಅನುಮತಿ’ ಎಂದು ಅದನ್ನು ಹಲವರು ಓದಿಕೊಂಡರು. ಇದು ತಪ್ಪು ಓದು. ಅದು ಜಾಮೀನಿನ ಆದೇಶ, ವ್ಯಾಪಾರದ ಪರವಾನಗಿಯಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 51ನೇ ನಮೂದಿನಂತೆ ಭಾರತೀಯ ಹೆಂಪಿನ ಮೇಲಿನ ಅಬಕಾರಿ ಅಧಿಕಾರ ರಾಜ್ಯದ್ದು. ಕೇಂದ್ರದ ಕಾಯ್ದೆಯಿಂದ ಹೊರಗುಳಿದ ಎಲೆ ರಾಜ್ಯದ ಅಬಕಾರಿ ಕಾನೂನಿನ ಕೈಗೆ ಹೋಗುತ್ತದೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಅಬಕಾರಿ ಇಲಾಖೆಯೇ ಭಂಗಿ ಅಂಗಡಿಗಳಿಗೆ ಪರವಾನಗಿ ನೀಡುವ ಪದ್ಧತಿ ಇದೆ, ಆದರೆ ಆ ಪರವಾನಗಿಯ ಬಲ ಆ ರಾಜ್ಯದ ಗಡಿಯಲ್ಲೇ ಮುಗಿಯುತ್ತದೆ. ಅಲ್ಲಿಂದ ಭಂಗಿ ಗುಳಿಗೆಗಳ ಪೊಟ್ಟಣ ತರಿಸಿ ಪಾನ್ ಅಂಗಡಿಯಲ್ಲಿ ತೂಗುಹಾಕುವವರು ಈ ವ್ಯತ್ಯಾಸವನ್ನು ಅರಿಯಬೇಕು.

ಇದೇ ಸಂದರ್ಭದಲ್ಲಿ ಸುರಪುರ ಸೀಮೆಯ ತಿಂಥಣಿಯ ವಿಷಯವನ್ನೂ ಹೇಳಬೇಕಾಗುತ್ತದೆ. ಕೃಷ್ಣಾ ತೀರದ ಮೌನೇಶ್ವರ ಸನ್ನಿಧಿಯ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಪದ್ಧತಿಯ ಬಗ್ಗೆ 2020ರಲ್ಲಿ ರಾಷ್ಟ್ರಮಟ್ಟದ ಪತ್ರಿಕೆಗಳಲ್ಲಿ ವರದಿಗಳು ಬಂದವು. ಶರಣ, ಆರೂಢ, ಅವಧೂತ ಪರಂಪರೆಗಳಲ್ಲಿ ಇದಕ್ಕೆ ಧ್ಯಾನಸಾಧನವೆಂಬ ಸ್ಥಾನವಿದೆಯೆಂದು ಆ ವರದಿಗಳು ಹೇಳಿದವು. ಭಕ್ತಿಯ ಮಾತು ಭಕ್ತರಿಗೆ ಬಿಟ್ಟದ್ದು. ವರ್ತಕನಿಗೆ ತಿಳಿದಿರಬೇಕಾದದ್ದು ಇಷ್ಟೇ: ಎನ್‌ಡಿಪಿಎಸ್ ಕಾಯ್ದೆಯಲ್ಲಿ ಪೂಜೆಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ. ರೂಢಿಯ ಹೆಸರಿನಲ್ಲಿ ಜಾತ್ರೆಯ ಅಂಗಡಿಯವನು ಮಾರಾಟಕ್ಕಿಳಿದರೆ ಅದು ಪ್ರಸಾದವಾಗಿ ಉಳಿಯುವುದಿಲ್ಲ. ಗಾಂಜಾದಲ್ಲಿ 1 ಕಿಲೋವರೆಗಿನದು ‘ಅಲ್ಪ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ಅಲ್ಪವಾದರೂ ಶಿಕ್ಷೆ ತಪ್ಪದು.

ತೆರೆದಿರುವ ದಾರಿಗಳು

ಹಾಗಾದರೆ ಇಲ್ಲಿಯ ಸಣ್ಣ ಉದ್ಯಮಿಗೆ ಏನೂ ಸಾಧ್ಯವಿಲ್ಲವೇ? ಸಾಧ್ಯವಿದೆ.

ಎಲ್ಲಕ್ಕಿಂತ ಸರಳವಾದದ್ದು ಬೀಜದ ಆಹಾರ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2021ರ ನವೆಂಬರಿನಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಅಂಗೀಕರಿಸಿತು. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ, ಬೀಜದಿಂದ ಮಾಡಿದ ಪಾನೀಯದಲ್ಲಿ 0.2 ಮಿಲಿಗ್ರಾಂ ಮೀರುವಂತಿಲ್ಲ. ಪೊಟ್ಟಣದ ಮೇಲೆ ಗಾಂಜಾ ಎಲೆಯ ಚಿತ್ರವನ್ನಾಗಲಿ, ಅಮಲಿನ ಸೂಚನೆಯನ್ನಾಗಲಿ ಹಾಕುವಂತಿಲ್ಲ. ಬೇಕಾಗುವ ಪರವಾನಗಿ ಬೇಳೆ ಮಿಲ್ಲು, ಎಣ್ಣೆ ಗಾಣದವರಿಗೆ ಪರಿಚಿತವಾದ ಅದೇ ಆಹಾರ ಪರವಾನಗಿ. ವಹಿವಾಟಿನ ಗಾತ್ರಕ್ಕೆ ತಕ್ಕಂತೆ ನೋಂದಣಿ, ರಾಜ್ಯ ಲೈಸೆನ್ಸ್ ಅಥವಾ ಕೇಂದ್ರ ಲೈಸೆನ್ಸ್. ಅರ್ಜಿ ಪ್ರಾಧಿಕಾರದ ಅಂತರ್ಜಾಲ ವ್ಯವಸ್ಥೆಯಲ್ಲೇ. ಕಷ್ಟವಿರುವುದು ಅರ್ಜಿಯಲ್ಲಿ ಅಲ್ಲ, ಸರಕಿನಲ್ಲಿ. ಬೀಜವು ಪರವಾನಗಿಯುಳ್ಳ ಬೆಳೆಯಿಂದಲೇ ಬಂದಿದೆಯೆಂಬ ದಾಖಲೆ, ಪ್ರತಿ ಬ್ಯಾಚಿನ ಪ್ರಯೋಗಾಲಯ ವರದಿ ಎರಡೂ ಕೈಯಲ್ಲಿರಬೇಕು. ಬೀಜಕ್ಕೆ ಹೂವಿನ ಪುಡಿ ಅಂಟಿಕೊಂಡು ಬಂದರೆ ಕಿಲೋಗೆ 5 ಮಿಲಿಗ್ರಾಂ ಎಂಬ ಮಿತಿ ಬಹು ಬೇಗ ದಾಟುತ್ತದೆ.

ಎರಡನೆಯದು ಔಷಧ ತಯಾರಿಕೆ. ಆಯುರ್ವೇದದಲ್ಲಿ ಭಂಗಿಗೆ ‘ವಿಜಯಾ’ ಎಂಬ ಹೆಸರು. ಔಷಧ ಮತ್ತು ಸೌಂದರ್ಯವರ್ಧಕಗಳ 1945ರ ನಿಯಮಗಳ ‘ಇ(1)’ ಅನುಸೂಚಿಯಲ್ಲಿ ವಿಷದ್ರವ್ಯಗಳ ಪಟ್ಟಿಗೆ ಅದು ಸೇರಿದೆ. ತಯಾರಕನು ‘24-ಡಿ’ ನಮೂನೆಯಲ್ಲಿ ಅರ್ಜಿ ಹಾಕಿ ‘25-ಡಿ’ ನಮೂನೆಯ ಪರವಾನಗಿ ಪಡೆಯಬೇಕು. ‘ಟಿ’ ಅನುಸೂಚಿಯಂತೆ ಕನಿಷ್ಠ 1,200 ಚದರ ಅಡಿ ಮುಚ್ಚಿದ ಜಾಗ, ಪ್ರತಿ ಕೆಲಸಕ್ಕೆ ಬೇರೆ ವಿಭಾಗ, ಅರ್ಹತೆಯುಳ್ಳ ತಾಂತ್ರಿಕ ಸಿಬ್ಬಂದಿ ಬೇಕು. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆ ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಮುದ್ರಿಸಬೇಕು. ಎಲೆಯನ್ನು ಎಲ್ಲಿಂದ ಕೊಳ್ಳಲಾಯಿತು, ಅಬಕಾರಿ ಅನುಮತಿಯೊಡನೆ ಸಾಗಿಸಲಾಯಿತೇ ಎಂಬುದು ಇಲ್ಲಿಯ ಪ್ರಾಣ. 2021ರ ಫೆಬ್ರವರಿಯಲ್ಲಿ ಒಡಿಶಾ ಮೂಲದ ಕಂಪನಿಯೊಂದು ಬೆಂಗಳೂರಿನ ಕೋರಮಂಗಲದಲ್ಲಿ ವೈದ್ಯಕೀಯ ಕ್ಯಾನಬಿಸ್ ಚಿಕಿತ್ಸಾಲಯ ತೆರೆದದ್ದು ಈ ಆಯುಷ್ ಮಾರ್ಗದ ಬಲದಿಂದಲೇ ಹೊರತು ಯಾವುದೋ ಹೊಸ ಕಾನೂನಿನಿಂದಲ್ಲ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಹಿಡಿಯಲು ಆಲೋಚಿಸುವವರು, ಒಂದೇ ಉತ್ಪನ್ನವನ್ನು ನೆಚ್ಚಿ ಇಷ್ಟು ಬಂಡವಾಳ ಹಾಕುವುದಕ್ಕಿಂತ, ಈಗಾಗಲೇ ಪರವಾನಗಿಯುಳ್ಳ ಘಟಕದಲ್ಲಿ ತಯಾರಿಸಿಕೊಳ್ಳುವ ಮಾರ್ಗವನ್ನು ಮೊದಲು ಪರಿಶೀಲಿಸುವುದು ಜಾಣತನ.

ಮೂರನೆಯದು ನಾರು, ನೂಲು, ಬಟ್ಟೆಯ ವ್ಯಾಪಾರ. ಸಿದ್ಧ ನೂಲನ್ನು ಕೊಂಡು ನೇಯಿಸಿ ಮಾರುವವನಿಗೆ ಸಾಮಾನ್ಯ ಜವಳಿ ವ್ಯಾಪಾರದ ಕಾಗದಗಳು ಸಾಕು; ಖರೀದಿಯ ಬಿಲ್ಲು ಮಾತ್ರ ಸ್ವಚ್ಛವಾಗಿರಬೇಕು.

ತೆರಿಗೆ ಕಟ್ಟಿದರೆ ಪರವಾನಗಿ ಆಗದು

ಜಿಎಸ್‌ಟಿ ಸಂಖ್ಯೆ, ಉದ್ಯಮ್ ನೋಂದಣಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಈ ಮೂರನ್ನೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ ಮಾತ್ರಕ್ಕೆ ನಿಷೇಧಿತ ಸರಕು ಸಕ್ರಮವಾಗುವುದಿಲ್ಲ. ಆದಾಯ ತೆರಿಗೆಯು ಆದಾಯ ಎಲ್ಲಿಂದ ಬಂದಿತೆಂದು ನೋಡಿ ಬಿಡುವುದಿಲ್ಲ. ಅಕ್ರಮ ಆದಾಯಕ್ಕೂ ತೆರಿಗೆ ಬೀಳುತ್ತದೆ. ಆದರೆ ಅಪರಾಧಕ್ಕಾಗಿ ಮಾಡಿದ ಖರ್ಚನ್ನು ಕಳೆಯಲು 1961ರ ಕಾಯ್ದೆಯ 37(1)ನೇ ಕಲಮಿನ ವಿವರಣೆ ಬಿಟ್ಟಿರಲಿಲ್ಲ. ಇಲ್ಲಿ ಒಂದು ವಿಚಿತ್ರ ಪ್ರಕರಣ ನೆನಪಿಗೆ ಬರುತ್ತದೆ. ವೈದ್ಯರೊಬ್ಬರು ಅಕ್ರಮವಾಗಿ ತಯಾರಿಸಿದ ಹೆರಾಯಿನ್ ಜಪ್ತಿಯಾದಾಗ, ಅದು ಅವರ ವ್ಯಾಪಾರದ ದಾಸ್ತಾನು, ಆದ್ದರಿಂದ ಅದರ ನಷ್ಟವನ್ನು ಆದಾಯದಿಂದ ಕಳೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು. ಖರ್ಚು ಬೇರೆ, ವ್ಯಾಪಾರದ ನಷ್ಟ ಬೇರೆ ಎಂಬುದು ತರ್ಕ. ಲೆಕ್ಕಪರಿಶೋಧಕರ ತರಗತಿಗಳಲ್ಲಿ ಇದು ರಂಜನೀಯ ಪಾಠ. ಅದರಿಂದ ಅಪರಾಧದ ಮೊಕದ್ದಮೆಯ ಒಂದು ಅಕ್ಷರವೂ ಅಳಿಯುವುದಿಲ್ಲ.

ಹೆಂಪ್ ಬೀಜದ ಎಣ್ಣೆ ಅಥವಾ ಹಿಟ್ಟನ್ನು ಮಾರಲು ಹೊರಟ ಯಾದಗಿರಿಯ ಕಿರಾಣಿ ಸಗಟು ವರ್ತಕನು ಖರೀದಿಗೆ ಮುನ್ನ ಸರಬರಾಜುದಾರನಿಂದ ಅವನ ಆಹಾರ ಪರವಾನಗಿಯ ಪ್ರತಿ, ಬೆಳೆದ ರಾಜ್ಯದ ಬೇಸಾಯ ಪರವಾನಗಿಯ ಪ್ರತಿ, ಆಮದಾದರೆ ಕಸ್ಟಮ್ಸ್ ದಾಖಲೆ ಮತ್ತು ಬ್ಯಾಚಿನ ಟಿಎಚ್‌ಸಿ ವರದಿಗಳನ್ನು ಕೇಳಿ ಪಡೆಯಲಿ. ವರದಿಯಲ್ಲಿನ ಬ್ಯಾಚ್ ಸಂಖ್ಯೆ, ಬಿಲ್ಲಿನ ಸಂಖ್ಯೆ, ಡಬ್ಬಿಯ ಮೇಲಿನ ಸಂಖ್ಯೆ ಮೂರೂ ಒಂದೇ ಆಗಿವೆಯೇ ಎಂದು ಸರಕು ಇಳಿಸುವಾಗಲೇ ತಾಳೆ ನೋಡಿ, ಆ ಕಾಗದಗಳನ್ನು ಖರೀದಿ ಬಿಲ್ಲಿನ ಜೊತೆಗೇ ಪೋಣಿಸಿ ಇಡಬೇಕು. ಹೊಂದದಿದ್ದಲ್ಲಿ ಲಾರಿ ನಿಂತಿರುವಾಗಲೇ ಸರಕನ್ನು ಹಿಂದಿರುಗಿಸಿ, ಹಿಂದಿರುಗಿಸಿದ್ದಕ್ಕೆ ರಸೀದಿ ಪಡೆಯಬೇಕು.