ಮೇಪಲ್ ತೋಟದಲ್ಲಿ ಸುಗ್ಗಿ ಮುಗಿದ ಮೇಲೆ

ಈಚಲು, ತಾಳೆಗಳ ರಸ ಕಾಯಿಸಿ ಬೆಲ್ಲ ಮಾಡುವುದನ್ನು ಬಲ್ಲ ನಮ್ಮ ಒಕ್ಕಲು ಬಂಧುಗಳಿಗೆ ಮರದಿಂದ ಸಿಹಿ ತೆಗೆಯುವ ಸಂಗತಿ ವಿಚಿತ್ರವೆನಿಸಲಾರದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿಯೂ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿಯೂ ಸಕ್ಕರೆ ಮೇಪಲ್ ಎಂಬ ಮರವುಂಟು. ಚಳಿಗಾಲ ಹಿಂಜರಿಯುವಾಗ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಅದರ ಕಾಂಡಕ್ಕೆ ಬೈರಿಗೆಯಿಂದ ತೂತು ಕೊರೆದರೆ ರಸ ತೊಟ್ಟಿಕ್ಕುವುದು. ನೀರಿನಂತೆ ತೆಳ್ಳನೆಯ ರಸ; ನೂರು ಪಾಲಿನಲ್ಲಿ ಸಕ್ಕರೆ ಸುಮಾರು ಎರಡು ಪಾಲು. ಹತ್ತಿರ ಹತ್ತಿರ 40 ಲೀಟರ್ ರಸ ಬತ್ತಿಸಿದರೆ ಜೋನಿಬೆಲ್ಲದಂಥ ಪಾಕ 1 ಲೀಟರ್ ದೊರೆಯುವುದು. ಸುಗ್ಗಿ ನಾಲ್ಕರಿಂದ ಆರು ವಾರ ಮಾತ್ರ. ಮರ ಚಿಗುರಲು ಹೊರಟಿತೆಂದರೆ ಪಾಕದ ರುಚಿ ಕೆಡುವುದು, ಒಲೆ ಆರುವುದು.

ಹಾಗಾದರೆ ಉಳಿದ ತಿಂಗಳುಗಳಲ್ಲಿ ಆ ಮನೆಯವರು ಮಾಡುವುದೇನು? ನಾವು ಹೇಳಹೊರಟಿರುವುದು ಅದನ್ನೇ. ಏಕೆಂದರೆ ಮುಂದಿನ ಸುಗ್ಗಿಯ ಸಕ್ಕರೆ ತಯಾರಾಗುವುದು ಬೇಸಗೆಯಲ್ಲಿ. ಎಲೆಗಳು ಬಿಸಿಲಿನಲ್ಲಿ ಸಕ್ಕರೆ ಕಟ್ಟುವುವು; ಮರ ಅದನ್ನು ಪಿಷ್ಟವಾಗಿ ಕೂಡಿಟ್ಟು, ಚಳಿಯಲ್ಲಿ ಮತ್ತೆ ಸಕ್ಕರೆಯಾಗಿಸುವುದು.

ಮೊದಲ ಕೆಲಸ ನಳಿಗೆಗಳನ್ನು ಕೀಳುವುದು. ಅಲ್ಲೇ ಬಿಟ್ಟರೆ ಗಾಯ ಮಾಯುವುದಿಲ್ಲ. ಕಿತ್ತರೆ ಹೊರಗಿನ ತೂತು ಕ್ರಮೇಣ ಮುಚ್ಚಿಕೊಳ್ಳುವುದು. ಆದರೆ ಒಳಗೆ, ತೂತಿನ ಮೇಲಕ್ಕೂ ಕೆಳಕ್ಕೂ ಒಂದು ಪಟ್ಟಿಯಷ್ಟು ಕಟ್ಟಿಗೆ ಸತ್ತು ಕಂದಾಗಿರುತ್ತದೆ. ಅಲ್ಲಿ ಇನ್ನೆಂದೂ ರಸ ಹರಿಯದು. ಪ್ರತಿ ವರ್ಷ ಹೊಸ ಜಾಗವನ್ನೇ ಹುಡುಕಬೇಕು. ಮರ ವರ್ಷವರ್ಷವೂ ದಪ್ಪವಾಗಿ ಹೊಸ ಕಟ್ಟಿಗೆ ಹೊದ್ದುಕೊಂಡರಷ್ಟೇ ಈ ಲೆಕ್ಕ ಸರಿಹೋಗುವುದು. ದಪ್ಪವಾಗಲು ಎಲೆ ಬೇಕು, ಎಲೆಗೆ ಬಿಸಿಲು ಬೇಕು.

ಆದ್ದರಿಂದ ಕೊಡಲಿಯ ಕೆಲಸ. ಒಳ್ಳೆಯ ಮರಗಳನ್ನು ಗುರುತಿಸಿ, ಅವುಗಳ ಕೊಂಬೆಗೆ ಒತ್ತಿ ನಿಂತ ನೆರೆಮರಗಳನ್ನು ಒಂದೆರಡು ಕಡೆಗಳಲ್ಲಿ ಕಡಿಯುವರು. ಒಮ್ಮೆಲೇ ಬಯಲು ಮಾಡಿದರೆ ಉಳಿದ ಮರಗಳು ಗಾಳಿಗೆ ಉರುಳುವ ಭಯವುಂಟು. ಮೇಪಲ್ ಒಂದೇ ಇರಲಿ ಎಂಬ ಆಸೆಯೂ ಸಲ್ಲದು. ನಾಲ್ಕರಲ್ಲಿ ಒಂದು ಪಾಲಾದರೂ ಬೇರೆ ಜಾತಿಯ ಮರಗಳಿದ್ದರೆ ಹಕ್ಕಿಗಳು ನೆಲೆಸಿ ಎಲೆ ತಿನ್ನುವ ಕಂಬಳಿಹುಳುಗಳನ್ನು ಹೆಕ್ಕುವುವು. ಹಿಂದೆ ಎಷ್ಟೋ ಮಂದಿ ಈ ತೋಪುಗಳಲ್ಲಿ ದನ ಮೇಯಿಸುತ್ತಿದ್ದರು. ಬೇರು ತುಳಿತಕ್ಕೆ ಸಿಕ್ಕಿತು, ಸಸಿ ದನದ ಬಾಯಿಗೆ ಹೋಯಿತು. ಸಸಿಯೊಂದು ತೂತು ತಾಳುವಷ್ಟು, ಎಂದರೆ ಹತ್ತು ಹನ್ನೆರಡು ಅಂಗುಲ ದಪ್ಪವಾಗಲು ಸುಮಾರು 40 ವರ್ಷ ಬೇಕೆಂಬುದನ್ನು ನೆನೆದರೆ ಆ ನಷ್ಟ ಎಷ್ಟೆಂದು ತಿಳಿದೀತು.

1998ರ ಜನವರಿಯಲ್ಲಿ ಕ್ವಿಬೆಕ್, ವರ್ಮಾಂಟ್ ಮೊದಲಾದ ಕಡೆ ಸುರಿದ ಮಳೆ ಕೊಂಬೆಗಳ ಮೇಲೆಯೇ ಮಂಜುಗಡ್ಡೆಯಾಗಿ ತೋಪಿಗೆ ತೋಪೇ ಮುರಿದುಬಿತ್ತು. ಕೊಂಬೆಗಳ ಬಹುಪಾಲನ್ನು ಕಳೆದುಕೊಂಡ ಮರಗಳಿಗೆ ತೂತು ಕೊರೆಯದೆ ವಿಶ್ರಾಂತಿ ಕೊಡಿರೆಂದು ತಜ್ಞರು ಹೇಳಿದರು. ಕೈಗೆ ಬರುವ ಹಣವನ್ನು ಮರದಲ್ಲೇ ಬಿಡುವುದು ಸಾಲವಿರುವ ಸಂಸಾರಕ್ಕೆ ಸುಲಭವೇ?

ಕಡಿದ ಮರ ಸೌದೆಗೆ. ನಮ್ಮ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯೇ ಒಲೆಗಾಗುವುದು. ಅವರಿಗೆ ಆ ಅನುಕೂಲವಿಲ್ಲ. ಸೀಳಿ, ಸೂರಿನ ಕೆಳಗೆ ಒಟ್ಟಿ, ವರ್ಷಕಾಲ ಒಣಗಿಸುವರು. ಹಸಿ ಸೌದೆಯ ಉರಿಗೆ ಕೊಪ್ಪರಿಗೆ ಕುದಿಯದು. ಎಣ್ಣೆಯ ಒಲೆಗಳೂ, ರಸದ ನೀರನ್ನು ಮೊದಲೇ ಸೋಸಿ ತೆಗೆಯುವ ಯಂತ್ರಗಳೂ ಈಗ ಉಂಟು, ಬಂಡವಾಳವಿದ್ದವರಿಗೆ.

ಡಬ್ಬಿಗಳ ಬದಲು ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದವರು ಅವನ್ನು ತೊಳೆಯಬೇಕು. ಅಳಿಲು ಕಡಿದ ಕಡೆ, ಕೊಂಬೆ ಬಿದ್ದ ಕಡೆ ದುರಸ್ತಿ ಮಾಡಬೇಕು. ಜನವರಿಯ ಹಿಮದಲ್ಲಿ ಸಾಲುಸಾಲಾಗಿ ನಡೆದು ನೋಡುವ ಕೆಲಸ ಇದು.

ಕೊನೆಗೆ ಬೈರಿಗೆ ಹಿಡಿದು ಹೊರಟಾಗ ಹಳೆಯ ತೂತಿನ ಕಲೆ ಹುಡುಕಿ, ಅದರಿಂದ ದೂರ ಸರಿದು, ಎರಡು ಅಂಗುಲ ಮೀರದಂತೆ ಕೊರೆಯುವರು. ಉದುರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡುವರು: ಬೆಳ್ಳಗಿದ್ದರೆ ಜೀವಂತ ಕಟ್ಟಿಗೆ, ಕಂದಾಗಿದ್ದರೆ ಎಂದೋ ಕೊರೆದ ತೂತಿನ ಸತ್ತ ಪಟ್ಟಿ.