ಸ್ಟ್ಯಾಟಿಕ್ ಮೆಥಡ್‌ಗೆ ಫೈನಲ್ ಏತಕ್ಕೆ?

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಹೊರತಂದ ಜಾವಾ ಭಾಷೆಯನ್ನು ಅಭ್ಯಸಿಸುವವರಿಗೆ ಒಂದು ಸಂದೇಹ ಮೂಡುವುದು ಸಹಜ. ಸ್ಟ್ಯಾಟಿಕ್ ಮೆಥಡ್ ಆಬ್ಜೆಕ್ಟಿನದಲ್ಲ, ವರ್ಗದ್ದು, ಎಂದರೆ ಕ್ಲಾಸಿನದು. ಉಪವರ್ಗವು ಅದನ್ನು ಓವರ್‌ರೈಡ್ ಮಾಡಲಾರದು. ಅಂದಮೇಲೆ ಅದಕ್ಕೆ ಫೈನಲ್ ಎಂಬ ಕಟ್ಟುಪಾಡೇಕೆ?

ಓವರ್‌ರೈಡ್ ಮಾಡಲಾಗದಿದ್ದರೂ ಮರೆಮಾಡಬಹುದೆಂಬುದೇ ಇಲ್ಲಿನ ಮರ್ಮ. 'ಖಾತೆ' ಎಂಬ ವರ್ಗದ 'ಬಡ್ಡಿದರ' ಎಂಬ ಸ್ಟ್ಯಾಟಿಕ್ ಮೆಥಡ್ ಶೇಕಡಾ 4 ಎನ್ನುತ್ತದೆಂದು ಭಾವಿಸೋಣ. ಅದರ ಉಪವರ್ಗವಾದ 'ಠೇವಣಿ'ಯಲ್ಲಿ ಅದೇ ಹೆಸರು, ಅದೇ ರೂಪದ ಸ್ಟ್ಯಾಟಿಕ್ ಮೆಥಡ್ ಶೇಕಡಾ 7 ಎನ್ನುತ್ತದೆ. 'ಖಾತೆ' ಎಂದು ಘೋಷಿಸಿದ ವೇರಿಯಬಲ್‌ನಲ್ಲಿ ಠೇವಣಿಯ ಆಬ್ಜೆಕ್ಟನ್ನೇ ಇರಿಸಿ ಅದರ ಮೂಲಕ ಕರೆದರೂ ದೊರೆಯುವುದು 4. ಯಾವ ಮೆಥಡ್ ಎಂಬುದನ್ನು ಕಂಪೈಲರ್ ಆ ಘೋಷಣೆಯನ್ನು ನೋಡಿಯೇ ಮೊದಲೇ ನಿಶ್ಚಯಿಸಿರುತ್ತದೆ. (ವೇರಿಯಬಲ್‌ನಲ್ಲಿ ಬರಿಯ ನಲ್ ಇದ್ದರೂ ಉತ್ತರ ಅದೇ!) ಪ್ರೋಗ್ರಾಮ್ ನಿಲ್ಲುವುದಿಲ್ಲ, ದೂರುವುದಿಲ್ಲ, ಠೇವಣಿದಾರನ ಲೆಕ್ಕ ಮಾತ್ರ ತಪ್ಪುತ್ತದೆ.

'ಖಾತೆ'ಯ ಮೆಥಡನ್ನು ಫೈನಲ್ ಎಂದು ಗುರುತಿಸಿದ್ದರೆ 'ಠೇವಣಿ' ವರ್ಗವು ಕಂಪೈಲ್ ಆಗುವುದೇ ಇಲ್ಲ. ತಪ್ಪು ಬರೆದವನ ಕೈಯಲ್ಲಿರುವಾಗಲೇ ಸಿಕ್ಕಿಬೀಳುತ್ತದೆ. ಪ್ರೈವೇಟ್ ಮೆಥಡ್‌ಗೆ ಈ ಕಾವಲು ಬೇಡ. ಅದು ಉಪವರ್ಗಕ್ಕೆ ಬರುವುದೇ ಇಲ್ಲ. ಆದರೆ ಠೇವಣಿಯ ದರ ನಿಜವಾಗಿಯೂ ಬೇರೆಯಾಗಿರಬೇಕಾದರೆ ಫೈನಲ್ ಅದಕ್ಕೆ ಮದ್ದಲ್ಲ. ಆಗ ಎರಡೂ ಕಡೆ ಸ್ಟ್ಯಾಟಿಕ್ ಪದವನ್ನೇ ತೆಗೆದು, ಓವರ್‌ರೈಡ್ ಆಗಬಲ್ಲ ಸಾಮಾನ್ಯ ಮೆಥಡ್ ಬರೆಯತಕ್ಕದ್ದು.