ಮನೆ ಕಟ್ಟುವ ಮುನ್ನ ಭೂಕಂಪದ ವರ್ಗ ತಿಳಿಯಿರಿ



ಹೊಸ ಮನೆಗೆ ಪಾಯ ತೋಡುವ ಮೊದಲು ದಿಕ್ಕು ನೋಡುತ್ತೀರಿ, ಆಯ ನೋಡುತ್ತೀರಿ. ಇನ್ನೊಂದನ್ನೂ ನೋಡಬೇಕು: ನಿಮ್ಮ ಮನೆ ಭೂಕಂಪದ ಯಾವ ವರ್ಗಕ್ಕೆ ಸೇರುತ್ತದೆ?

“ನಮ್ಮ ಕಡೆ ಭೂಮಿ ಎಲ್ಲಿ ನಡುಗುತ್ತದೆ?” ಎನ್ನುವಿರಾ? ಕಿಲ್ಲಾರಿಯ ಸಂಗತಿ ಕೇಳಿರಿ. ಲಾತೂರು ಜಿಲ್ಲೆಯ ಈ ಊರು ನಮ್ಮ ಬೀದರ, ಕಲಬುರ್ಗಿ ಜಿಲ್ಲೆಗಳಿಗೆ ದೂರದ್ದಲ್ಲ. ಆಗಿನ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ್ದ ಜನರ ಮೇಲೆ ಅವರ ಮನೆಗಳೇ ಕುಸಿದವು. ಸಾವಿರಾರು ಜನ ಸತ್ತರು. ನಡುಗಿದ್ದು ಭೂಮಿ, ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಮಣ್ಣು ಹೊತ್ತು ಭಾರವಾದ ಮಾಳಿಗೆ.

1993ರ ನಿಯಮದಲ್ಲಿ ವರ್ಗವನ್ನು ಗೊತ್ತುಮಾಡುತ್ತಿದ್ದುದು ಮೂರು ಸಂಗತಿಗಳಿಂದ.

ಮೊದಲನೆಯದು ಊರು. 2002ರಲ್ಲಿ ಒಂದನೆಯ ವಲಯವನ್ನೇ ತೆಗೆದು, ದೇಶವನ್ನು 2ರಿಂದ 5ರವರೆಗೆ ನಾಲ್ಕು ವಲಯ ಮಾಡಿದರು. ಆ ನಕ್ಷೆಯಲ್ಲಿ ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರು 3ನೆಯ ವಲಯ. ಬೆಂಗಳೂರು, ಮೈಸೂರು 2ನೆಯ ವಲಯ.

ಎರಡನೆಯದು ನೆಲ. ಬಂಡೆಯ ಮೇಲೆ ನಿಂತ ಮನೆಗಿಂತ ಮೆತ್ತನೆಯ ಮಣ್ಣಿನ ಮೇಲೆ ನಿಂತದ್ದಕ್ಕೆ ಅಪಾಯ ಹೆಚ್ಚು.

ಮೂರನೆಯದು ಉಪಯೋಗ. ಶಾಲೆ, ಆಸ್ಪತ್ರೆಗಳಿಗೆ ಸಾಮಾನ್ಯ ಮನೆಯ ಒಂದೂವರೆ ಪಟ್ಟು ಲೆಕ್ಕ ಹಿಡಿಯುತ್ತಾರೆ.

ಈ ಮೂರನ್ನೂ ಕೂಡಿಸಿ ನೋಡಿ, 1993ರ ಭಾರತೀಯ ಮಾನಕ 4326 ಕಟ್ಟಡಗಳನ್ನು ಎ, ಬಿ, ಸಿ, ಡಿ, ಇ ಎಂದು ಐದು ವರ್ಗ ಮಾಡಿತು. ಎ ವರ್ಗಕ್ಕೆ ಬಂದೋಬಸ್ತು ಕಡಿಮೆಯಿತ್ತು. ಇ ವರ್ಗಕ್ಕೆ ಅತಿ ಹೆಚ್ಚಿತ್ತು. ಆದುದರಿಂದ ಒಂದೇ ಊರಿನಲ್ಲಿ ಗಟ್ಟಿ ನೆಲದ ಮೇಲಿನ ನಿಮ್ಮ ಮನೆ ಕೆಳಗಿನ ವರ್ಗಕ್ಕೂ, ಮೆತ್ತನೆಯ ನೆಲದ ಮೇಲಿನ ಶಾಲೆ ಮೇಲಿನ ವರ್ಗಕ್ಕೂ ಸೇರಬಹುದಿತ್ತು.

ಕೆಳಗಿನ ವರ್ಗವೆಂದು ಅಲಕ್ಷ್ಯ ಮಾಡಬೇಡಿರಿ. ಕಿಲ್ಲಾರಿ ಕಲಿಸಿದ ಪಾಠ ಅದೇ. ಯಾವ ವರ್ಗವಾದರೂ ಈ ನಾಲ್ಕನ್ನು ಮಾಡಿಸಿರಿ:

1. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಒಳಗಿನ, ಹೊರಗಿನ ಎಲ್ಲ ಗೋಡೆಗಳ ಮೇಲೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಪಟ್ಟಿ ಓಡಬೇಕು. ದಪ್ಪ ಕನಿಷ್ಠ 3 ಅಂಗುಲ. ಯಾವ ಮೂಲೆಯಲ್ಲಿಯೂ ತುಂಡಾಗಬಾರದು. ಪೆಟ್ಟಿಗೆಗೆ ಕಟ್ಟಿದ ಹಗ್ಗದಂತೆ ಅದು ಗೋಡೆಗಳನ್ನು ಹಿಡಿದಿಡುತ್ತದೆ.

2. ಕಲ್ಲುಗೋಡೆಯ ದಪ್ಪ ಒಂದೂವರೆ ಅಡಿ ಮೀರದಿರಲಿ. ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲನ್ನು ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಇಡಿಸಿರಿ.

3. ಬಾಗಿಲು, ಕಿಟಕಿಗಳು ಮೂಲೆಗೆ ತಾಗಿರಬಾರದು.

4. ಮಾಳಿಗೆಯ ಮೇಲೆ ಹಳೆಯ ಮಣ್ಣು ತೆಗೆಯದೆ ಹೊಸ ಮಣ್ಣು ಹೇರಬೇಡಿರಿ.

ನಕ್ಷೆ, ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಪಾಯ ತೋಡುವ ಮೊದಲೇ ಪಂಚಾಯತಿಯ ಎಂಜಿನಿಯರರನ್ನು ಕಂಡು, “ನಮ್ಮ ಮನೆ ಯಾವ ವರ್ಗ?” ಎಂದು ಕೇಳಿರಿ. ಅವರ ಉತ್ತರವನ್ನು ನಿಮ್ಮ ಗೌಂಡಿಗೂ ತಿಳಿಸಿರಿ. ಗೋಡೆ ಎದ್ದ ಮೇಲೆ ಕೇಳಿ ಫಲವಿಲ್ಲ.